ಒಬ್ಬರು ಎದ್ದಿರಬೇಕು

ದಸರಾಕ್ಕೆ ಇನ್ನೂ ಎರಡು ಮೂರು ವಾರ ಇರುವಾಗಲೇ ನಮ್ಮ ಚಿಕ್ಕಪ್ಪ ಮೈಸೂರಿಗೆ ಬರುತ್ತಾರೆ. ಜಂಬೂಸವಾರಿಗೆ ಎಷ್ಟು ಕರೆದರೂ ಬರುವುದಿಲ್ಲ. ಅವತ್ತಿನ ನೂಕುನುಗ್ಗಲು ಅವರಿಗೆ ಆಗುವುದಿಲ್ಲ. ಅವರು ಬರುವುದು ಸಿಡಿಮದ್ದು ತಾಲೀಮು ನೋಡಲಿಕ್ಕೆ.

ವಿಜಯದಶಮಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ವಾ, ಆ ಸದ್ದಿಗೆ ಆನೆ ಕುದುರೆಗಳು ಬೆದರಬಾರದು ಅಂತ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ವಸ್ತುಪ್ರದರ್ಶನದ ಮೈದಾನದಲ್ಲಿ ಹಳೇ ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ ಪೊಲೀಸರು ಮದ್ದು ತುಂಬಿ ಹಾರಿಸುತ್ತಾರೆ. ಸ್ವಲ್ಪ ದೂರದಲ್ಲಿ ಆನೆಗಳು ನಿಂತಿರುತ್ತವೆ. ಹಳೇ ಆನೆಗಳು ಕಿವಿ ಬೀಸಿಕೊಂಡು ಸುಮ್ನೆ ಇರುತ್ತವೆ. ಹೊಸದಾಗಿ ಬಂದವು ಹಿಂದೆ ಸರಿಯುತ್ತವೆ.

ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ. ಮೊದಲ ಫಿರಂಗಿ ಹಾರಿದಾಗ ನನ್ನ ಎದೆಗೇ ಯಾರೋ ಗುದ್ದಿದ ಹಾಗಾಯಿತು. ಸುತ್ತ ಇದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಮಗು ಕಿಟಾರನೆ ಕಿರುಚಿತು. ಚಿಕ್ಕಪ್ಪ ಕಿವಿ ಮುಚ್ಚಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ನಿಂತಿದ್ದರು. ಬಾಯಿ ತೆರೆದಿದ್ದರೆ ಕಿವಿಗೆ ಪೆಟ್ಟು ಕಡಿಮೆ ಅಂತ ಆಮೇಲೆ ಹೇಳಿದರು. ಅವರ ಕಣ್ಣು ಹೊಗೆಯ ಕಡೆಗೂ ಇರಲಿಲ್ಲ, ಆನೆಗಳ ಕಡೆಗೂ ಇರಲಿಲ್ಲ. ಉದ್ದ ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಫಿರಂಗಿಯ ಒಳಗೆ ಒರೆಸುತ್ತಿದ್ದ ಒಬ್ಬ ಹುಡುಗನನ್ನೇ ನೋಡುತ್ತಿದ್ದರು.

“ಒಳಗೆ ಒಂದು ಕಿಡಿ ಉಳಿದ್ರೂ ಮದ್ದು ತುಂಬೋನ ಕೈ ಹೋಯ್ತದೆ. ಆ ಹುಡುಗ ಎಷ್ಟು ಚೆಂದಾಗಿ ಒರೆಸ್ತಾವ್ನೆ ನೋಡವ್ವ. ತುಂಬೋನು ಇವನ್ನ ನಂಬ್ಕಂಡು ಕೈ ಇಕ್ತಾನೆ.”

ಆವತ್ತು ರಾತ್ರಿ ನಮ್ಮ ಬೀದಿಯಲ್ಲಿ ಗಣಪತಿ ಬಿಡುವ ಮೆರವಣಿಗೆ ಇತ್ತು. ಹುಡುಗರು ಗೇಟಿನ ಹತ್ತಿರವೇ ಒಂದು ಪಟಾಕಿ ಹಚ್ಚಿದರು. ಚಿಕ್ಕಪ್ಪ ಊಟದ ಮೇಜಿನ ಕೆಳಗಿದ್ದರು. ಯಾವಾಗ ಕುರ್ಚಿ ಬಿಟ್ಟರು, ಯಾವಾಗ ಕೆಳಗೆ ಹೋದರು, ನಮಗೆ ಕಾಣಲೇ ಇಲ್ಲ. ತಟ್ಟೆ ಮಗುಚಿ ಸಾರು ಗೋಡೆ ತನಕ ಹರಿದಿತ್ತು. ನನ್ನ ಮಗಳು ಹೆದರಿ ನನ್ನ ಹಿಂದೆ ಅಡಗಿಕೊಂಡಳು. ಚಿಕ್ಕಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ಬಟ್ಟೆ ತಂದು ನೆಲ ಒರೆಸಿದರು. ನಾನು ಒರೆಸುತ್ತೇನೆ ಅಂದರೂ ಬಿಡಲಿಲ್ಲ.

ಬೆಳಿಗ್ಗೆ 21 ತೋಪು ಹಾರಿದಾಗ ರೆಪ್ಪೆ ಮಿಟುಕಿಸದ ಮನುಷ್ಯ ರಾತ್ರಿ ಒಂದು ಪಟಾಕಿಗೆ ಹೀಗಾದರು. ಎಲ್ಲರೂ ಮಲಗಿದ ಮೇಲೆ ಅದನ್ನೇ ಕೇಳಿದೆ. “ಬೆಳಿಗ್ಗೆದು ಬತ್ತದೆ ಅಂತ ಗೊತ್ತಿತ್ತು” ಅಂದರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, ನಾನು ಕೇಳದೇ ಇದ್ದದ್ದನ್ನೂ ಹೇಳಿದರು. “ಕಾರ್ಗಿಲ್ಲಿನ ಆ ಎರಡು ತಿಂಗಳು ನೆಪ್ಪಾಯ್ತದೆ ಕಣವ್ವ. ಕೆಟ್ಟದಾಗಲ್ಲ. ಮತ್ತೆ ಅಲ್ಲಿಗೆ ಹೋಗಬೇಕು ಅನ್ನಿಸ್ತದೆ. ನಿಮ್ಮ ಚಿಕ್ಕವ್ವಂಗೆ ಹೇಳಬ್ಯಾಡ.”

ಚಿಕ್ಕವ್ವನಿಗೆ ಅದು ಎಷ್ಟೋ ವರ್ಷದಿಂದ ಗೊತ್ತಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಇದನ್ನೆಲ್ಲ ಬರೆಯಲಾ ಅಂತ ಕೇಳಿದಾಗ ಚಿಕ್ಕಪ್ಪ ಒಂದೇ ಮಾತು ಹೇಳಿದರು, ಹೆಸರು ಹಾಕಬೇಡ ಅಂತ. ಹಾಕಿಲ್ಲ.

ನಮ್ಮೂರು ಪಾಂಡವಪುರದ ಕಡೆ. ಕಬ್ಬು, ಭತ್ತ, ನಾಲೆ ನೀರು. ಚಿಕ್ಕಪ್ಪ 1988ರಲ್ಲಿ ಸೈನ್ಯಕ್ಕೆ ಸೇರಿದರು. ಆಗ ಅವರಿಗೆ 19 ವರ್ಷ. ಹೈದರಾಬಾದಿನ ಗೋಲ್ಕೊಂಡದಲ್ಲಿರುವ ಆರ್ಟಿಲರಿ ಸೆಂಟರಿನಲ್ಲಿ ತರಬೇತಿ. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸಿನ ಹತ್ತಿರ ಬೋಫೋರ್ಸ್ ತೋಪಿನ ತಂಡದಲ್ಲಿದ್ದರು. 2012ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾಗಿ ಊರಿಗೆ ಬಂದರು. ಅವತ್ತು ಬಸ್‌ಸ್ಟ್ಯಾಂಡಿನಿಂದ ಮನೆ ತನಕ ಹಾರ ಹಾಕಿ ಕರೆದುಕೊಂಡು ಬಂದಿದ್ದೆವು. ಕಪ್ಪು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮೇಲೆ ಬಿಳಿ ಅಕ್ಷರದಲ್ಲಿ ಅವರ ನಂಬರು, ಹೆಸರು. ಆ ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ. ಅದರಲ್ಲಿ ಚಿಕ್ಕವ್ವ ರಾಗಿ ತುಂಬಿಡುತ್ತಾಳೆ.

ಕಾರ್ಗಿಲ್ ಅಂದರೆ ನಮಗೆಲ್ಲ ಟೈಗರ್ ಹಿಲ್ ಮೇಲೆ ಬಾವುಟ ಹಿಡಿದು ನಿಂತ ಜವಾನರ ಫೋಟೋ ನೆನಪಾಗುತ್ತದೆ. ಆ ಬೆಟ್ಟ ಹತ್ತಿದವರ ತಲೆಯ ಮೇಲಿಂದ ಹಾರಿಹೋದ ಗುಂಡುಗಳ ಬಗ್ಗೆ ಮಾತು ಕಡಿಮೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಶತ್ರುಗಳ ಕಣ್ಣ ಕೆಳಗೇ ಇತ್ತು. ಅವರು ಮೇಲೆ, ನಮ್ಮವರು ಕೆಳಗೆ. ಕಾಲಾಳುಗಳು ಆ ಕಡಿದಾದ ಬೆಟ್ಟ ಹತ್ತಬೇಕಾದರೆ ಮೇಲಿನವರು ತಲೆ ಎತ್ತದ ಹಾಗೆ ತೋಪುಗಳು ನೋಡಿಕೊಳ್ಳಬೇಕಿತ್ತು. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಕೈಗೆ ಬಂದವು. ಇಡೀ ಯುದ್ಧದಲ್ಲಿ ನಮ್ಮ ಕಡೆಯಿಂದ ಹಾರಿದ ಶೆಲ್ಲು ಮತ್ತು ರಾಕೆಟ್ಟುಗಳು ಹತ್ತಿರ ಹತ್ತಿರ ಎರಡೂವರೆ ಲಕ್ಷ. ತೀರಿಹೋದ ನಮ್ಮ ಯೋಧರು 527.

ಬೋಫೋರ್ಸಿನ ಒಂದು ಶೆಲ್ಲು 40 ಕಿಲೋಗೂ ಜಾಸ್ತಿ. ಹತ್ತು ಸಾವಿರ ಅಡಿಗೂ ಮೇಲೆ, ಉಸಿರಿಗೇ ಕಷ್ಟ ಆಗುವ ಜಾಗದಲ್ಲಿ, ರಾತ್ರಿಯಿಡೀ ಅದನ್ನು ಎತ್ತಿ ಕೊಡುವವನು ಒಬ್ಬ, ತುಂಬುವವನು ಒಬ್ಬ, ಗುರಿ ಹಿಡಿಯುವವನು ಒಬ್ಬ. ಚಿಕ್ಕಪ್ಪ ಶತ್ರುವಿನ ಮುಖ ಒಂದು ದಿನವೂ ನೋಡಲಿಲ್ಲ. ಮೇಲೆ ಎಲ್ಲೋ ಬಂಡೆಯ ಮರೆಯಲ್ಲಿ ಕೂತ ಓಪಿ ಸಾಹೇಬರು, ಅಂದರೆ ಶೆಲ್ಲು ಎಲ್ಲಿ ಬೀಳುತ್ತದೆ ಅಂತ ನೋಡಿ ಗುರಿ ಹೇಳುವ ಅಧಿಕಾರಿ, ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರು. ಇಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ. ಇವರು ಹಾರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮಾತು ಬರುತ್ತಿತ್ತು, ಸರಿಯಾಗಿ ಬಿತ್ತು ಅಂತಲೋ, ಇನ್ನೂ ಸ್ವಲ್ಪ ಬಲಕ್ಕೆ ಅಂತಲೋ. ಆ ಕಡೆಯಿಂದಲೂ ಶೆಲ್ಲು ಬೀಳುತ್ತಿತ್ತು. ಅವರ ತಂಡದ ಇಬ್ಬರು ಅಲ್ಲೇ ಹೋದರು. ಅವರ ಬಗ್ಗೆ ಚಿಕ್ಕಪ್ಪ ಮಾತಾಡುವುದಿಲ್ಲ. ಒಬ್ಬನ ಊರು ಯಾವುದು ಅಂತ ಒಮ್ಮೆ ಕೇಳಿದ್ದಕ್ಕೆ ಎದ್ದು ಹಟ್ಟಿಗೆ ಹೋದರು.

ಇಷ್ಟೆಲ್ಲ ಆದ ಜಾಗ ಮತ್ತೆ ಬೇಕು ಅನ್ನಿಸುವುದು ಹೇಗೆ? ನನಗೆ ತುಂಬಾ ದಿನ ಅರ್ಥವಾಗಲಿಲ್ಲ. ಓದಿದೆ, ಗೊತ್ತಿರುವ ಡಾಕ್ಟರನ್ನು ಕೇಳಿದೆ. ಅಪಾಯದಲ್ಲಿ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಕಣ್ಣು ಕಿವಿ ಎಲ್ಲ ಚುರುಕಾಗುತ್ತವೆ, ಅದಕ್ಕೆ ಒಗ್ಗಿದ ಮೈಗೆ ಸಾಮಾನ್ಯ ದಿನ ಸಪ್ಪೆ ಅನ್ನಿಸುತ್ತದೆ ಅಂದರು. ಇರಬಹುದು. ಯುದ್ಧದ ಆಘಾತ ಆಮೇಲೂ ಕಾಡುತ್ತದೆ, ಅದಕ್ಕೆ ಪಿಟಿಎಸ್‌ಡಿ ಅಂತ ಹೆಸರಿದೆ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಆ ಹೆಸರು ಸೇರಿದ್ದು 1980ರಲ್ಲಿ ಅಂತಲೂ ತಿಳಿಯಿತು. ಮೇಜಿನ ಕೆಳಗೆ ಹೋಗಿದ್ದು ಆ ಲೆಕ್ಕಕ್ಕೆ ಸೇರಬಹುದು. ಆದರೆ ನೆನಪಾಗಿ ಹಂಬಲಿಸುವುದು ಬೇರೆ. ಅದು ಕಾಯಿಲೆ ಅಲ್ಲ. ಭಯವೂ ಹಂಬಲವೂ ಒಂದೇ ಎದೆಯಲ್ಲಿ ಒಟ್ಟಿಗೆ ಇರುತ್ತವೆ, ನಾನು ಕಣ್ಣಾರೆ ನೋಡಿದ್ದೇನೆ.

ನನಗೆ ದಾರಿ ತೋರಿಸಿದ್ದು ಚಿಕ್ಕವ್ವನ ಒಂದು ಮಾತು.

“ನಿಮ್ಮ ಚಿಕ್ಕಪ್ಪ ಮಲಗಿದ್ದು ನಾನು ನೋಡೇ ಇಲ್ಲ ಕಣವ್ವ. ಮಲಗಿದಂಗೆ ಇರ್ತರೆ ಅಷ್ಟೇಯ” ಅಂದಳು. ಊರಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಫಿ ಕೊಡಲು ಭುಜ ಮುಟ್ಟಿ ಎಬ್ಬಿಸಿದ್ದಳಂತೆ. ಕಣ್ಣು ಬಿಡುವ ಮೊದಲೇ ಅವಳ ಮಣಿಕಟ್ಟು ಅವರ ಕೈಯಲ್ಲಿತ್ತು. ಬಳೆ ಒಡೆದು ರಕ್ತ ಬಂತು. ಆವತ್ತು ಚಿಕ್ಕಪ್ಪ ಅತ್ತರಂತೆ. ಆಮೇಲೆ ಅವರೇ ಹೇಳಿಕೊಟ್ಟರು. ಭುಜ ಮುಟ್ಟಬೇಡ, ಕಾಲಿನ ಹೆಬ್ಬೆರಳು ಮುಟ್ಟು, ನಿನ್ನ ಹೆಸರು ಹೇಳು, ಒಂದು ಹೆಜ್ಜೆ ಹಿಂದೆ ನಿಲ್ಲು. ಅಲ್ಲಿ ಹಾಗೇ ಎಬ್ಬಿಸುತ್ತಿದ್ದರಂತೆ. ಹನ್ನೆರಡು ವರ್ಷದಿಂದ ಚಿಕ್ಕವ್ವ ಹಾಗೇ ಎಬ್ಬಿಸುತ್ತಾಳೆ. ಗಂಡನಿಗೆ ದಿನಾ ಬೆಳಿಗ್ಗೆ ತನ್ನ ಹೆಸರು ಹೇಳುತ್ತಾಳೆ.

ನಾನು ಚಿಕ್ಕಪ್ಪನನ್ನು ಕೇಳಿದೆ, ಅಲ್ಲಿ ನಿದ್ದೆ ಬರುತ್ತಿತ್ತಾ ಅಂತ. ಅವರ ಮುಖ ಅರಳಿತು. “ಅಯ್ಯೋ! ಶೆಲ್ಲು ಬೀಳೋವಾಗ್ಲೂ ಗೊರಕೆ ಹೊಡೀತಿದ್ದೆ. ಎರಡು ಗಂಟೆ ಸಿಕ್ಕಿದ್ರೆ ಎರಡು ಗಂಟೆನೂ ನಿದ್ದೆ. ಯಾಕಂದ್ರೆ ಬಡ್ಡಿ ಎದ್ದಿರ್ತಿದ್ದ.”

ಬಡ್ಡಿ ಅಂದರೆ ಜೊತೆಗಾರ. ಸೈನ್ಯದಲ್ಲಿ ಇಬ್ಬರಿಬ್ಬರನ್ನು ಜೋಡಿ ಮಾಡಿರುತ್ತಾರೆ. ಒಬ್ಬ ಮಲಗಿದರೆ ಇನ್ನೊಬ್ಬ ಎದ್ದಿರಬೇಕು. ಅವನು ಎದ್ದಿದ್ದಾನೆ ಅಂತ ಗೊತ್ತಿದ್ದರೆ ಇವನು ಕಣ್ಣು ಮುಚ್ಚಬಹುದು. “ಇಲ್ಲಿ ಯಾರವ್ವ ಎದ್ದಿರ್ತರೆ? ಎಲ್ಲರೂ ಒಟ್ಟಿಗೆ ದೀಪ ಆರಿಸಿ ಮಲಗಿಬುಡ್ತೀರಿ.”

ಅವರಿಗೆ ಬೇಕಾಗಿದ್ದು ಗುಂಡಿನ ಸದ್ದಲ್ಲ. ತಾನು ಕಣ್ಣು ಮುಚ್ಚಿದರೆ ತನಗಾಗಿ ಎದ್ದಿರುವ ಒಬ್ಬ. ಆಮೇಲೆ, ತಾನು ಎದ್ದಿರುವುದನ್ನು ನಂಬಿ ಮಲಗಿರುವ ಇನ್ನೊಬ್ಬ. ಪಿಂಚಣಿ ಇದೆ, ಎರಡು ಎಕರೆ ಗದ್ದೆ ಇದೆ, ಕ್ಯಾಂಟೀನ್ ಕಾರ್ಡು ಇದೆ. ಈ ಜೋಡಿ ಮಾತ್ರ ಇಲ್ಲ. ಯುದ್ಧ ಅದನ್ನು ಕೊಟ್ಟಿತ್ತು ಅನ್ನುವುದು ನನಗೆ ಸಂಕಟದ ವಿಷಯ. ಅಷ್ಟು ಒಳ್ಳೆಯದು ಅಷ್ಟು ಕೆಟ್ಟ ಜಾಗದಲ್ಲೇ ಸಿಗಬೇಕಾ?

ಊರಿಗೆ ಬಂದ ಮರುವರ್ಷ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದರು. ಮಾಜಿ ಸೈನಿಕರಿಗೆ ನಮ್ಮ ಕಡೆ ಸಿಗುವ ಕೆಲಸ ಹೆಚ್ಚುಕಮ್ಮಿ ಅದೇ, ಗೇಟು ಅಥವಾ ಎಟಿಎಂ. ಏಳು ತಿಂಗಳಿಗೆ ಬಿಟ್ಟರು. ಸಂಬಳಕ್ಕಲ್ಲ. ಹಿಂದಿನ ಬೇಲಿ ಒಂದು ಕಡೆ ಕಿತ್ತುಹೋಗಿತ್ತು. ರಾತ್ರಿ ರಿಜಿಸ್ಟರಿನಲ್ಲಿ ಬರೆದರು. ಮರುದಿನವೂ ಬರೆದರು. ಹದಿನಾರು ರಾತ್ರಿ ಬರೆದರು. ಯಾರೂ ಬಂದು ನೋಡಲಿಲ್ಲ. ಕೊನೆಗೆ ಒಬ್ಬ ಮೇಲ್ವಿಚಾರಕ, “ಸುಮ್ನೆ ಸೈನ್ ಹಾಕಿ ಹೋಗಿ ಅಂಕಲ್, ಯಾರು ಓದ್ತಾರೆ ಅದನ್ನ” ಅಂದನಂತೆ. ಅವನಿಗೆ ಅದು ಸಲೀಸು ಮಾತು. ಇವರು ಓಪಿ ಸಾಹೇಬರಿಗೆ ಒಂದು ಮಾತು ಹೇಳಿದರೆ ಅರೆ ನಿಮಿಷದಲ್ಲಿ ಉತ್ತರ ಬರುತ್ತಿದ್ದ ಕಡೆಯಿಂದ ಬಂದವರು. ಉತ್ತರ ಬರದಿದ್ದರೆ ಅಲ್ಲಿ ಯಾರೋ ಸತ್ತಿದ್ದಾರೆ ಅಂತ ಅರ್ಥ.

ಚಿಕ್ಕವ್ವನ ಪಾಲಿನ ನೋವನ್ನೂ ಹೇಳಬೇಕು. ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ಮದುವೆಯಾದ ಮೇಲೆ ಹದಿನೈದು ವರ್ಷ ಅವಳು ಕಾಗದಕ್ಕೆ ಕಾದಳು, ಆಮೇಲೆ ಫೋನಿಗೆ ಕಾದಳು. 1999ರಲ್ಲಿ ಎರಡು ತಿಂಗಳು ಸುದ್ದಿಯೇ ಇರಲಿಲ್ಲ. ಮಗ ಆಗ ಮೂರು ತಿಂಗಳ ಕೂಸು. ಪಂಚಾಯ್ತಿ ಕಟ್ಟೆಯ ಟಿವಿಯಲ್ಲಿ ವಾರ್ತೆ ಶುರುವಾದರೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಅಂಥವಳ ಗಂಡ ಮನೆಗೆ ಬಂದು, ಜಗಲಿಯಲ್ಲಿ ಕೂತು, ಆ ಎರಡು ತಿಂಗಳಿಗಾಗಿಯೇ ಹಂಬಲಿಸಿದರೆ ಅವಳಿಗೆ ಹೇಗಾಗಬೇಡ? ಒಂದು ದಿನ ಕೇಳಿಯೇಬಿಟ್ಟಳಂತೆ. “ನಾವು ಯಾರೂ ಸಾಲ್ದಾ ನಿಮಗೆ?” ಅವರು ಉತ್ತರ ಹೇಳಲಿಲ್ಲ. ಹೇಳಲು ಮಾತೇ ಇರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಸಾಲುವುದು ಬಿಡುವುದರ ಮಾತೇ ಅಲ್ಲ ಅದು. ಆದರೆ ಹೆಂಡತಿಗೆ ಅದನ್ನು ಹೇಗೆ ಬಿಡಿಸಿ ಹೇಳುವುದು? ಆಗಲೇ ಹೇಳಿದ್ದೇನಲ್ಲ, ಅವಳಿಗೆ ಎಲ್ಲ ಗೊತ್ತಿತ್ತು ಅಂತ.

ನಮ್ಮಲ್ಲಿ ಸತ್ತ ವೀರನಿಗೆ ಮಾತಿದೆ, ಕಲ್ಲಿದೆ. ವೀರಗಲ್ಲು ನೋಡಿದ್ದೀರಲ್ವಾ? ಕೆಳಗೆ ಕಾಳಗ. ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುವುದು. ಎಲ್ಲಕ್ಕಿಂತ ಮೇಲೆ ಶಿವನ ಸನ್ನಿಧಿ. ಮನೆಗೆ ವಾಪಸ್ ಬಂದವನಿಗೆ ಆ ಕಲ್ಲಿನಲ್ಲಿ ಜಾಗ ಇಲ್ಲ.

ಆದರೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಹಾಗೆ ಬಂದವನ ಹೆಸರಿರುವ ಒಂದು ಕಲ್ಲು ಸಿಕ್ಕಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧ. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಒಂದು ಕಡೆ, ಚೋಳರು ಇನ್ನೊಂದು ಕಡೆ. ಬೂತುಗನ ಕಡೆ ಹೋರಾಡಿ ಗೆದ್ದು ಬಂದವನು ಮಣಲೇರ. ಮೆಚ್ಚಿದೆ, ಬೇಕಾದ್ದು ಬೇಡಿಕೋ ಅಂದಾಗ ಅವನು ಬೇಡಿದ್ದು ಕಾಳಿ ಅನ್ನುವ ಒಂದು ನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರ ಇದೆ.

ಶಾಲೆಯಲ್ಲಿ ಇದನ್ನು ನಾಯಿಯ ನಿಷ್ಠೆಯ ಕಥೆ ಅಂತ ಕೇಳಿದ್ದೆ. ಈಗ ಆ ಮಣಲೇರನೇ ಕಣ್ಣ ಮುಂದೆ ಬರುತ್ತಾನೆ. ಇದು ನನ್ನ ಊಹೆ, ಶಾಸನದಲ್ಲಿ ಇಲ್ಲ. ಅಷ್ಟು ದೊಡ್ಡ ಯುದ್ಧ ಮುಗಿಸಿ ಊರಿಗೆ ಬಂದವನಿಗೆ ಪಕ್ಕದಲ್ಲಿ ಉಸಿರಾಡುವ, ರಾತ್ರಿ ಕಿವಿ ನೆಟ್ಟಗೆ ಮಾಡಿಕೊಂಡು ಎದ್ದಿರುವ ಒಂದು ಜೀವ ಬೇಕಾಗಿತ್ತೇನೋ. ಚಿಕ್ಕಪ್ಪನಿಗೆ ಈ ಕಥೆ ಹೇಳಿದೆ. “ನಾಯಿ ಎದ್ದಿದ್ರೆ ಸಾಕು, ಮನುಸ ಮಲಗಬೋದು” ಅಂದರು.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ತೀರಿಹೋದ 40 ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು. ಅವರ ಅಂತ್ಯಸಂಸ್ಕಾರಕ್ಕೆ ಚಿಕ್ಕಪ್ಪ ಹೋಗಿದ್ದರು. ರಸ್ತೆಯುದ್ದಕ್ಕೂ ಜನ. ಇವರು ಗುಂಪಿನ ಹಿಂದೆ ನಿಂತು ಒಂದು ಸೆಲ್ಯೂಟ್ ಹೊಡೆದು ಬಂದರು. ಮನೆಗೆ ಬಂದು ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮಂಡ್ಯ ಕಣ್ಣೀರಿಟ್ಟಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಬದುಕಿ ಬಂದವರ ಹತ್ತಿರ ಹೋಗಿ ಏನು ಕೇಳಬೇಕು ಅಂತ ನಮಗೆ ತಿಳಿಯುವುದಿಲ್ಲ. ಎಷ್ಟು ಜನರನ್ನು ಹೊಡೆದ್ರಿ ಅಂತ ಕೇಳುತ್ತೇವೆ. ರಮ್ ಬಾಟ್ಲಿ ಕೊಡಿಸ್ತೀರಾ ಅಂತ ಕೇಳುತ್ತೇವೆ. ನಿದ್ದೆ ಬರುತ್ತಾ ಅಂತ ನಾನೂ ಹನ್ನೆರಡು ವರ್ಷ ಕೇಳಿರಲಿಲ್ಲ.

ಅಗ್ನಿಪಥ ಯೋಜನೆ ಬಂದ ಮೇಲೆ ನನಗೆ ಇನ್ನೊಂದು ಚಿಂತೆ ಹತ್ತಿದೆ. 2022ರಲ್ಲಿ ಶುರುವಾದಾಗಿನ ನಿಯಮದಂತೆ ಸೇವೆ ನಾಲ್ಕು ವರ್ಷ, ನೂರಕ್ಕೆ 25 ಜನರಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರು ಇಪ್ಪತ್ತರ ಹರೆಯದಲ್ಲೇ ಊರಿಗೆ ಬರುತ್ತಾರೆ. ಅವರಲ್ಲಿ ಕೆಲವರು ಗಡಿಯಲ್ಲಿ ಏನೇನೋ ನೋಡಿರುತ್ತಾರೆ. ಅವರ ಕೆಲಸದ ಬಗ್ಗೆ, ದುಡ್ಡಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವರ ಬಡ್ಡಿ ಎಲ್ಲಿರುತ್ತಾನೆ, ಯಾವ ರಾಜ್ಯದಲ್ಲಿ, ಯಾರು ಕೇಳುತ್ತಾರೆ?

ಚಿಕ್ಕಪ್ಪ ನಿಜವಾಗಿ ಗೆಲುವಾಗುವುದು ವರ್ಷದಲ್ಲಿ ಕೆಲವೇ ರಾತ್ರಿ. ನಾಲೆ ನೀರು ಬಂದಾಗ. ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ಕಮ್ಮಿ ಇದ್ದ ವರ್ಷ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ. ನಮ್ಮ ಗದ್ದೆಗಳು ಅದರ ಒಂದು ಕಿರುನಾಲೆಯ ಕೊನೆಯಲ್ಲಿವೆ. ಮೇಲಿನವರು ರಾತ್ರಿ ತೂಬು ಎತ್ತಿಬಿಟ್ಟರೆ ನಮಗೆ ಕೆಸರೂ ಸಿಗುವುದಿಲ್ಲ. ಅದಕ್ಕೆ ಕಾಯಬೇಕು. ಉಳಿದವರಿಗೆಲ್ಲ ಅದು ಶಾಪ. ಚಿಕ್ಕಪ್ಪ ಮಾತ್ರ ಮಧ್ಯಾಹ್ನದಿಂದಲೇ ತಯಾರಾಗುತ್ತಾರೆ. ಟಾರ್ಚಿಗೆ ಹೊಸ ಸೆಲ್ಲು. ಫ್ಲಾಸ್ಕಿಗೆ ಕಾಫಿ. ಗುದ್ದಲಿ, ಕಂಬಳಿ. ಹಳೇ ಕ್ಯಾಲೆಂಡರಿನ ಹಿಂದೆ ಪಾಳಿ ಬರೆಯುತ್ತಾರೆ, ಎರಡೆರಡು ಗಂಟೆ, ಇಬ್ಬಿಬ್ಬರು. ಆ ದಿನ ಅವರ ನಡಿಗೆಯೇ ಬೇರೆ. “ನೀರು ಬಂದ್ರೆ ನಿಮ್ಮ ಚಿಕ್ಕಪ್ಪಂಗೆ ಮೂವತ್ತು ವರ್ಷ ಕಣೆ” ಅನ್ನುತ್ತಾಳೆ ಚಿಕ್ಕವ್ವ. ನೀರು ಹರಿದು ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ. ಇವರು ಮತ್ತೆ ಜಗಲಿಗೆ.

ಹೋದ ಸಲ ನಾನು ಊರಿನಲ್ಲಿದ್ದೆ. ಚಿಕ್ಕಪ್ಪನ ಜೊತೆ ಪಾಳಿಗೆ ಬರಬೇಕಾಗಿದ್ದವನು ಜ್ವರ ಅಂತ ಮಲಗಿದ್ದ. ನಾನು ಬರುತ್ತೇನೆ ಅಂದೆ. ನನ್ನನ್ನು ಒಂದು ಗಳಿಗೆ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. “ಸ್ವೆಟರ್ ಹಾಕ್ಕ. ಮೂರರಿಂದ ಐದು ನಿಂದು” ಅಂದರು.

ತೂಬಿನ ಪಕ್ಕದ ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ನೀರು ಗೆರೆಗಿಂತ ಕೆಳಗೆ ಇಳಿದರೆ ಮೇಲೆ ಯಾರೋ ತೂಬು ಎತ್ತಿದ್ದಾರೆ ಅಂತ. ಹತ್ತು ನಿಮಿಷಕ್ಕೊಂದು ಸಲ ಟಾರ್ಚ್ ಹಾಕಿ ನೋಡಬೇಕು. ಸುಮ್ಮನೆ ಹಾಕಿಕೊಂಡೇ ಇರಬಾರದು, ಕಣ್ಣಿಗೆ ಕತ್ತಲೆ ಒಗ್ಗಬೇಕು. ಇಳಿದರೆ ಎಬ್ಬಿಸು. ಏನೂ ಆಗದಿದ್ದರೆ ಐದಕ್ಕೆ ಎಬ್ಬಿಸು. ಹೇಗೆ ಎಬ್ಬಿಸಬೇಕು ಅಂತ ಗೊತ್ತಲ್ಲ? ಗೊತ್ತು ಅಂದೆ.

ಮೂರು ಗಂಟೆಗೆ ಟಾರ್ಚ್ ನನ್ನ ಕೈಗೆ ಕೊಟ್ಟು, ಬದುವಿನ ಮೇಲೆ ಕಂಬಳಿ ಹಾಸಿ ಮಲಗಿದರು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ನಾನು ಮೊದಲು ನಂಬಲಿಲ್ಲ. ಬಗ್ಗಿ ನೋಡಿದೆ. ಬಾಯಿ ತೆರೆದಿತ್ತು, ಒಂದು ಕೈ ಕಂಬಳಿಯಿಂದ ಆಚೆ ಜಾರಿ ಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಕಪ್ಪೆಗಳು ಒದರುತ್ತಿದ್ದವು. ದೂರದಲ್ಲಿ ಆಲೆಮನೆಯ ಒಲೆ ಇನ್ನೂ ಉರಿಯುತ್ತಿತ್ತು, ಗಾಳಿಗೆ ಪಾಕದ ವಾಸನೆ ಬರುತ್ತಿತ್ತು. ನಾಲ್ಕೂವರೆಗೆ ಪಕ್ಕದ ಏರಿಯ ಮೇಲೆ ಒಂದು ಟ್ರ್ಯಾಕ್ಟರ್ ಹೋಯಿತು. ನಾನು ಬೆಚ್ಚಿದೆ. ಅವರು ಮಗ್ಗುಲು ಬದಲಾಯಿಸಿದರು ಅಷ್ಟೇ.

ಐದು ಗಂಟೆಗೆ ಕೊನೇ ಸಲ ಟಾರ್ಚ್ ಹಾಕಿ ಗೆರೆ ನೋಡಿದೆ. ಆಮೇಲೆ ಹತ್ತಿರ ಹೋಗಿ ಕಾಲಿನ ಹೆಬ್ಬೆರಳು ಮುಟ್ಟಿ, ನನ್ನ ಹೆಸರು ಹೇಳಿ, ಒಂದು ಹೆಜ್ಜೆ ಹಿಂದೆ ನಿಂತೆ.

“ನೀರು?” ಅಂದರು, ಕಣ್ಣು ಬಿಡದೆ.

“ಗೆರೆ ಮೇಲೆ ಎರಡು ಬೆರಳು.”

“ಸರಿ” ಅಂತ ಎದ್ದು ಕೂತು ಟಾರ್ಚಿಗೆ ಕೈ ಚಾಚಿದರು. “ಈಗ ನೀನು ಮಲಗವ್ವ. ನಾನು ಎದ್ದಿದೀನಿ.”